ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಫೋನಿನಲ್ಲೇ ಆಡುವ ಟ್ರೆಷರ್ ಹಂಟ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಓದಿದೆ. ಹೊರದೇಶದಲ್ಲಿರುವ ಸಂಘ, ಎಂಬತ್ತರ ಹತ್ತಿರ ಮನೆಗಳು, ಹತ್ತು ವರ್ಷದ ಮಕ್ಕಳಿಂದ ಎಪ್ಪತ್ತು ದಾಟಿದ ಅಜ್ಜಿಯರವರೆಗೆ ಎಲ್ಲರೂ ಇದ್ದಾರೆ. ಪ್ರತಿ ರಾಜ್ಯೋತ್ಸವಕ್ಕೆ ರಸಪ್ರಶ್ನೆ ಇಡುತ್ತೀರಿ, ಅದೇ ನಾಲ್ಕೈದು ಜನ ಉತ್ತರ ಹೇಳುತ್ತಾರೆ, ಉಳಿದವರು ಸುಮ್ನೆ ಕೂತಿರುತ್ತಾರೆ. ಈ ಸಲ ಎಲ್ಲರೂ ಸೇರಿ ಆಡುವ ಡಿಜಿಟಲ್ ಟ್ರೆಷರ್ ಹಂಟ್ ಬೇಕು, ದುಡ್ಡು ಜಾಸ್ತಿ ಇಲ್ಲ, ಯಾವ ಆ್ಯಪ್ ಒಳ್ಳೆಯದು ಅಂತ ಕೇಳಿದ್ದೀರಿ.

ನಮ್ಮ ಬಡಾವಣೆಯ ಓದುಗರ ಬಳಗಕ್ಕೂ, ಹೊರದೇಶದಲ್ಲಿರುವ ಗೆಳೆಯರ ಸಂಘಕ್ಕೂ ನಾನು ಇಂಥ ಆಟ ಕಟ್ಟಿಕೊಡುತ್ತಾ ಬಂದಿದ್ದೇನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಆ್ಯಪ್ ವಿಷಯ ಕೊನೆಗೆ ನೋಡಿಕೊಳ್ಳಿ. ಜನ ಹುಡುಕಿಕೊಂಡು ಹೋಗಿ ಏನನ್ನು ನೋಡಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ. ಸುಳಿವು ಬಿಡಿಸಿದವರಿಗೆ ಬರೀ 'ಸರಿ' ಅನ್ನುವ ಹಸಿರು ಗುರುತು ಸಿಕ್ಕರೆ ಮೂರನೇ ಸುಳಿವಿಗೇ ಬೇಜಾರಾಗುತ್ತದೆ. 'ಅರೆ, ಇದು ಇಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲವಲ್ಲ' ಅನ್ನಿಸುವಂಥದ್ದು ಸಿಕ್ಕರೆ, ಮುಂದಿನ ಸುಳಿವು ಕೊಡಿ ಅಂತ ಅವರೇ ಕೇಳುತ್ತಾರೆ. ಇಡೀ ಆಟ ನಿಂತಿರುವುದು ಇದರ ಮೇಲೆ.

ನಾನು ಬಳಸಿರುವ ಕೆಲವು ಸುಳಿವುಗಳನ್ನೇ ಕೊಡುತ್ತೇನೆ. ಬೇಕಾದರೆ ಹಾಗೇ ತೆಗೆದುಕೊಳ್ಳಿ.

ಶುರುವಿನ ಸುಳಿವು ಎಲ್ಲರ ಕೈಗೂ ಎಟುಕಬೇಕು. ನಾನು ಸಾಮಾನ್ಯವಾಗಿ 50 ರೂಪಾಯಿ ನೋಟಿನಿಂದ ಶುರು ಮಾಡುತ್ತೇನೆ. 2017ರಲ್ಲಿ ಬಂದ ನೀಲಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ ಇದೆ. 'ಜೇಬಿನಲ್ಲಿ ಕೂರುವ ಕಲ್ಲಿನ ತೇರು ಹುಡುಕಿ. ಅದರ ಪಕ್ಕದ ಪಟ್ಟಿಯಲ್ಲಿ ನಮ್ಮ ಭಾಷೆ ಎಷ್ಟನೇ ಸಾಲಿನಲ್ಲಿದೆ?' ಉತ್ತರ 4. ವಿದೇಶದಲ್ಲಿದ್ದರೂ ಊರಿನಿಂದ ತಂದ ಒಂದೆರಡು ನೋಟು ಬಹಳ ಮನೆಗಳಲ್ಲಿ ಇರುತ್ತವೆ. ಇಲ್ಲದವರು ಇಂಟರ್ನೆಟ್‌ನಲ್ಲಿ ಚಿತ್ರ ನೋಡಬಹುದು. ಆ ಪಟ್ಟಿಯಲ್ಲಿ 15 ಭಾಷೆಗಳಿವೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿದ್ದಾರೆ. ಅಸ್ಸಾಮಿ, ಬಂಗಾಳಿ, ಗುಜರಾತಿ ಆದ ಮೇಲೆ ಕನ್ನಡ ಬರುತ್ತದೆ. ದಿನಾ ಮುಟ್ಟಿದ ನೋಟನ್ನು ಜನ ಆವತ್ತು ಮೊದಲ ಸಲ ಓದುತ್ತಾರೆ. ಮಕ್ಕಳಂತೂ ಉಳಿದ ಲಿಪಿಗಳು ಯಾವುವು ಅಂತ ಕೇಳುವುದಕ್ಕೆ ಶುರು ಮಾಡುತ್ತಾರೆ.

ಎರಡನೆಯದು ಮೇಲಿನಿಂದ ನೋಡುವ ಸುಳಿವು. ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, ಅದು ಮುಗಿದದ್ದು 1792ರಲ್ಲಿ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಬಸ್ಸುಗಳು ಅದರ ಕೆಳಗೇ ಹಾದು ಹೋಗುತ್ತವೆ. ಆದರೆ ನೆಲದ ಮೇಲೆ ನಿಂತವರಿಗೆ ಅದರ ಆಕಾರ ಗೊತ್ತಾಗುವುದಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಸ್ಯಾಟಲೈಟ್ ನೋಟಕ್ಕೆ ಬದಲಿಸಿದರೆ ಹಸಿರಿನ ನಡುವೆ ಚೊಕ್ಕವಾದ ನಕ್ಷತ್ರ ಕಾಣುತ್ತದೆ. 'ಘಟ್ಟದ ಅಂಚಿನಲ್ಲಿ ನೆಲಕ್ಕಿಳಿದ ನಕ್ಷತ್ರ, ಹಕ್ಕಿಗೆ ಮಾತ್ರ ಕಾಣುತ್ತದೆ. ಮೂಲೆ ಎಷ್ಟು?' ಉತ್ತರ 8. ಇದು ಹದಿನಾಲ್ಕು ಹದಿನೈದು ವರ್ಷದವರಿಗೆ ತುಂಬಾ ಹಿಡಿಸುತ್ತದೆ. ಮ್ಯಾಪ್ ತಿರುಗಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಮೂರನೆಯದು ಸಂಗೀತ ಗೊತ್ತಿರುವವರಿಗೆ. ನಮ್ಮಲ್ಲೇ ಒಂದು ಹಳೆಯ ಗುಪ್ತಲಿಪಿ ಇದೆ, ಕಟಪಯಾದಿ. ಕ ಇಂದ ಝ ವರೆಗೆ 1ರಿಂದ 9, ಟ ಇಂದ ಧ ವರೆಗೆ 1ರಿಂದ 9, ಪ ಇಂದ ಮ ವರೆಗೆ 1ರಿಂದ 5, ಯ ಇಂದ ಹ ವರೆಗೆ 1ರಿಂದ 8. ಞ ಮತ್ತು ನ ಸೊನ್ನೆ. ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳ, ಅಂದರೆ ಮೂಲ ರಾಗಗಳ, ಹೆಸರಿನ ಮೊದಲ ಎರಡು ಅಕ್ಷರಗಳನ್ನು ಹೀಗೆ ಅಂಕಿ ಮಾಡಿ ತಿರುವಿ ಹಾಕಿದರೆ ರಾಗದ ಕ್ರಮಸಂಖ್ಯೆ ಬರುತ್ತದೆ. ಸರಳೆ ವರಸೆ ಕಲಿತ ಮಕ್ಕಳಿಗೆಲ್ಲ ಗೊತ್ತಿರುವ ಮಾಯಾಮಾಳವಗೌಳ ತೆಗೆದುಕೊಳ್ಳಿ. ಮಾ 5, ಯಾ 1. ತಿರುವಿದರೆ 15. ಮೇಚಕಲ್ಯಾಣಿಗೆ ಮೇ 5, ಚ 6, ಅಂದರೆ 65. ಆಟ ನಡೆಸುವ ಗೂಗಲ್ ಫಾರ್ಮ್‌ನಲ್ಲಿ (ಅದನ್ನು ಮಾಡುವುದು ಹೇಗೆ ಅಂತ ಮುಂದೆ ಹೇಳುತ್ತೇನೆ) ಈ ಪಟ್ಟಿಯನ್ನು ಕೊಟ್ಟು, ಒಂದು ಹಾಡಿನ ಶುರುವನ್ನು ನಿಮ್ಮ ಸಂಘದ ಯಾರಾದರೂ ಹಾಡಿ ರೆಕಾರ್ಡ್ ಮಾಡಿ ಹಾಕಿ. ರಾಗ ಗುರುತಿಸುವುದು ದೊಡ್ಡವರ ಕೆಲಸ, ಅಂಕಿ ಬಿಡಿಸುವುದು ಮಕ್ಕಳ ಕೆಲಸ. ವರ್ಷಗಟ್ಟಲೆ ಹಾಡಿದವರೂ ಕೆಲವರು ಈ ಲೆಕ್ಕ ನೋಡಿ ಬೆರಗಾಗಿದ್ದಾರೆ.

ನಾಲ್ಕನೆಯದನ್ನು ಬೆಂಗಳೂರಿನವರಿಗೆ ಅಂತಲೇ ಇಡುತ್ತೇನೆ. ಬಲ್ಲಾಳರಾಯ ಕಾಡಿನಲ್ಲಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರಿಗೆ ಆ ಹೆಸರು ಬಂತು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಕಥೆಯ ಬಲ್ಲಾಳ 12ನೇ ಶತಮಾನದ ಹೊತ್ತಿನವನು. ಆದರೆ ಬೇಗೂರಿನಲ್ಲಿ ಸಿಕ್ಕ, ಸುಮಾರು 890ರ ಗಂಗರ ಕಾಲದ ವೀರಗಲ್ಲು ಆಗಲೇ ಬೆಂಗಳೂರಿನಲ್ಲಿ ನಡೆದ ಒಂದು ಕಾಳಗದ ಮಾತು ಹೇಳುತ್ತದೆ. ಆ ಕಲ್ಲಿರುವ ಗುಡಿ ಯಾವ ದೇವರದ್ದು ಅನ್ನುವುದು ಪ್ರಶ್ನೆ. ಉತ್ತರ ನಾಗೇಶ್ವರ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಊರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುವ ಕೆಲಸ ಮಾಡಿದ್ದಾರೆ. ಅಂಥ ಒಂದು ಚಿತ್ರವನ್ನು ದೊಡ್ಡದು ಮಾಡಿ ಅಕ್ಷರಗಳನ್ನು ನೋಡುವುದೇ ಒಂದು ಖುಷಿ.

ಐದನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಇದನ್ನು ಮಾತ್ರ ಬಿಡಬೇಡಿ. 'ಮನೆಯ ಅತಿ ಹಿರಿಯರಿಗೆ ಫೋನ್ ಮಾಡಿ. ಚನ್ನೆಮಣೆಯಲ್ಲಿ ಎಷ್ಟು ಗುಳಿ, ಅದರಲ್ಲಿ ಏನು ಹಾಕಿ ಆಡುತ್ತಿದ್ದಿರಿ ಅಂತ ಕೇಳಿ. ಅವರಿಂದ ಒಂದು ಒಗಟು ಹೇಳಿಸಿ, ಅವರನ್ನು ಕೇಳಿಯೇ ರೆಕಾರ್ಡ್ ಮಾಡಿ ಕಳಿಸಿ.' ಗುಳಿಗಳು 14, ಏಳೇಳರ ಎರಡು ಸಾಲು. ಅದು ಸುಲಭ. ಅಸಲು ಇರುವುದು ಉಳಿದ ಮಾತಿನಲ್ಲಿ. ಹುಣಿಸೆ ಬೀಜ ಅಂತ ಒಬ್ಬರು, ಗುಲಗಂಜಿ ಅಂತ ಒಬ್ಬರು, ಕವಡೆ ಅಂತ ಇನ್ನೊಬ್ಬರು. ಚನ್ನೆಮಣೆ ಅಲ್ಲ, ಅಳಗುಳಿ ಮಣೆ ಅನ್ನಿ ಅಂತ ತಿದ್ದುವವರೂ ಸಿಗುತ್ತಾರೆ. ಐದು ನಿಮಿಷಕ್ಕೆ ಅಂತ ಮಾಡಿದ ಫೋನ್ ಅರ್ಧ ಗಂಟೆ ನಡೆಯುತ್ತದೆ. ಹಾಗಾಗಿ ಈ ಸುಳಿವಿಗೆ ಗಡಿಯಾರ ಇಡಬೇಡಿ. ಊರಿನಲ್ಲಿ ಕೂತ ಅಜ್ಜಿ ತಾತ ಕೂಡ ಆಟದೊಳಗೆ ಬಂದರು ಅಂದರೆ ನಿಮ್ಮ ಎಂಬತ್ತು ಮನೆಯ ಸಂಘ ಎಷ್ಟು ದೊಡ್ಡದಾಯಿತು ನೋಡಿ.

ಈಗ ತಾಂತ್ರಿಕ ವಿಷಯ. ನಿಮಗೆ ಗೂಗಲ್ ಫಾರ್ಮ್ಸ್ ಸಾಕು. ಒಂದು ಸುಳಿವಿಗೆ ಒಂದು ಸೆಕ್ಷನ್ ಮಾಡಿ. ಪ್ರಶ್ನೆಯನ್ನು ಶಾರ್ಟ್ ಆನ್ಸರ್ ಮಾಡಿ, ಕಡ್ಡಾಯ ಅಂತ ಗುರುತು ಹಾಕಿ. ಪ್ರಶ್ನೆಯ ಕೆಳಗಿರುವ ಮೂರು ಚುಕ್ಕಿ ಒತ್ತಿದರೆ 'ರೆಸ್ಪಾನ್ಸ್ ವ್ಯಾಲಿಡೇಶನ್' ಸಿಗುತ್ತದೆ. ಅಲ್ಲಿ ಸರಿಯುತ್ತರ ಕೊಟ್ಟರೆ, ಅದನ್ನು ಬರೆಯುವವರೆಗೆ ಮುಂದಿನ ಪುಟ ತೆರೆಯುವುದಿಲ್ಲ. ತಪ್ಪು ಉತ್ತರಕ್ಕೆ ಕಾಣಿಸುವ ಮಾತನ್ನೂ ನೀವೇ ಬರೆಯಬಹುದು. 'ತಪ್ಪು' ಅಂತ ಬರೆಯಬೇಡಿ. 'ನೋಟಿನ ಹಿಂಬದಿ ನೋಡಿದಿರಾ?' ಅಂತ ಬರೆಯಿರಿ. ಅದೇ ಎರಡನೇ ಸುಳಿವಾಗುತ್ತದೆ. ಆಡುವವರು ಗೂಗಲ್ ಖಾತೆಗೆ ಲಾಗಿನ್ ಆಗಿದ್ದರೆ ಅರ್ಧ ತುಂಬಿದ ಫಾರ್ಮ್ ಅಲ್ಲೇ ಉಳಿಯುತ್ತದೆ, ಊಟ ಮಾಡಿ ಬಂದು ಮುಂದುವರಿಸಬಹುದು. ರೆಕಾರ್ಡಿಂಗ್‌ಗಳನ್ನು ಮಾತ್ರ ಫಾರ್ಮ್‌ನಲ್ಲಿ ತೆಗೆದುಕೊಳ್ಳಬೇಡಿ. ಫೈಲ್ ಹಾಕಲು ಲಾಗಿನ್ ಕಡ್ಡಾಯ, ಹಿರಿಯರು ಅಲ್ಲೇ ನಿಂತುಬಿಡುತ್ತಾರೆ. ಅದಕ್ಕೆ ವಾಟ್ಸ್ಆ್ಯಪ್ ಇರಲಿ.

ಕನ್ನಡದಲ್ಲಿ ಆಟ ಕಟ್ಟುವವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಇಂಗ್ಲಿಷ್‌ನಲ್ಲಿ ಇಷ್ಟು ತೊಂದರೆ ಇಲ್ಲ. ಒಂದೇ ಹೆಸರನ್ನು ನಮ್ಮವರು ನಾಲ್ಕು ಥರ ಬರೆಯುತ್ತಾರೆ. ಹಳೇಬೀಡು, ಹಳೆಬೀಡು, ಹಳೇಬೀಡ. ಶ್ರವಣಬೆಳಗೊಳ ಒಂದೇ ಪದವಾಗಿ, ಬಿಡಿಸಿ ಎರಡು ಪದವಾಗಿ, ಬೆಳ್ಗೊಳ ಅಂತ ಒತ್ತಕ್ಷರದಲ್ಲಿ. ಎಲ್ಲವೂ ಸರಿಯೇ, ಆದರೆ ಕಂಪ್ಯೂಟರ್‌ಗೆ ಎಲ್ಲವೂ ಬೇರೆ ಬೇರೆ. ಇನ್ನು ಹಂಪಿಯ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತುವವರಿದ್ದಾರೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಫಾರ್ಮ್ ಮಾತ್ರ ಒಪ್ಪುವುದಿಲ್ಲ. ಕನ್ನಡ ಕೀಬೋರ್ಡ್ ಇಲ್ಲದವರು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಸರಿಯುತ್ತರ ಬರೆದೂ ಮುಂದೆ ಹೋಗಲಾಗದಿದ್ದರೆ ಎಷ್ಟು ಸಿಟ್ಟು ಬರುತ್ತದೆ ಅಲ್ವಾ? ಮಕ್ಕಳಾದರೆ ತಮ್ಮ ಕನ್ನಡವೇ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಅದು ಆಗಲೇಬಾರದು.

ಅದಕ್ಕೇ ನನ್ನ ಉತ್ತರಗಳಲ್ಲಿ ಜಾಸ್ತಿ ಅಂಕಿಗಳೇ ಇರುತ್ತವೆ. ವ್ಯಾಲಿಡೇಶನ್‌ನಲ್ಲಿ 'ನಂಬರ್' ಆರಿಸಿ, ಇಂಗ್ಲಿಷ್ ಅಂಕಿಯಲ್ಲೇ ಬರೆಯಿರಿ ಅಂತ ಮೊದಲೇ ಹೇಳಿ. ಪದವೇ ಬೇಕಾದ ಕಡೆ 'ರೆಗ್ಯುಲರ್ ಎಕ್ಸ್‌ಪ್ರೆಶನ್' ಆರಿಸಿ, ಪಕ್ಕದಲ್ಲಿ 'ಕಂಟೇನ್ಸ್' ಇಟ್ಟು, ಒಪ್ಪಬಹುದಾದ ರೂಪಗಳನ್ನೆಲ್ಲ ನಡುವೆ ಒಂದು ನಿಂತ ಗೆರೆ (|) ಹಾಕಿ ಬರೆಯಿರಿ. ಇಂಗ್ಲಿಷ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎರಡೂ ರೂಪ ಸೇರಿಸಿ. 4, 8ರಂಥ ಚಿಕ್ಕ ಅಂಕಿಯನ್ನು ಊಹೆಯಲ್ಲೇ ಹೊಡೆಯಬಹುದು. ಆದ್ದರಿಂದ ಎರಡು ಸುಳಿವಿನ ಉತ್ತರ ಸೇರಿಸಿ 48 ಬರೆಯಿರಿ ಅಂತ ಕೇಳಿ. ಕೊನೆಯ ಬಾಗಿಲಿಗೆ ಎಲ್ಲವನ್ನೂ ಸೇರಿಸಿ 481514 ಇಡಬಹುದು.

ಫಾರ್ಮ್‌ನ ಒಂದು ಮಿತಿ ನಿಮಗೆ ತಿಳಿದಿರಲಿ. ಪುಟದ ಸೋರ್ಸ್, ಅಂದರೆ ಅದರ ಹಿಂದಿನ ಕೋಡ್, ತೆಗೆದು ನೋಡುವುದು ಗೊತ್ತಿರುವವರಿಗೆ ಉತ್ತರಗಳು ಅಲ್ಲೇ ಸಿಗುತ್ತವೆ. ಮನೆಮಂದಿಯ ಆಟಕ್ಕೆ ಇದು ದೊಡ್ಡ ವಿಷಯವಲ್ಲ. ದೊಡ್ಡ ಬಹುಮಾನ ಇದ್ದರೆ ಮಾತ್ರ ಕೊನೆಯ ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಒಬ್ಬರು ಕೂತು ನೋಡಲಿ. ಗೂಸ್‌ಚೇಸ್, ಆ್ಯಕ್ಷನ್‌ಬೌಂಡ್ ಥರದ ಆ್ಯಪ್‌ಗಳು ಫೋಟೋ ಸವಾಲು, ಜಿಪಿಎಸ್, ಅಂಕಪಟ್ಟಿ ಎಲ್ಲ ಚೆನ್ನಾಗಿ ನಡೆಸುತ್ತವೆ. ಆದರೆ ನಿಮ್ಮಷ್ಟು ಜನಕ್ಕೆ ದುಡ್ಡು ಕೊಡಬೇಕಾಗಬಹುದು, ಮೇಲಾಗಿ ಎಲ್ಲರೂ ಹೊಸ ಆ್ಯಪ್ ಇಳಿಸಿಕೊಳ್ಳಬೇಕು. ಈ ಸಲಕ್ಕೆ ಬೇಡ.

ಇನ್ನು, ಯಾರಾದರೂ ಚಾಟ್‌ಬಾಟ್ ಕೇಳಿ ಉತ್ತರ ತೆಗೆದರೆ ಅನ್ನುವ ಪ್ರಶ್ನೆ. ಸುಳಿವನ್ನು ಹಾಗೇ ಅಂಟಿಸಿದರೆ ಉತ್ತರ ಕೊಟ್ಟುಬಿಡುತ್ತದೆ, ನಿಜ. ಅದನ್ನು ನಿಷೇಧಿಸುವ ನಿಯಮ ಮಾಡಿ ಪ್ರಯೋಜನವಿಲ್ಲ. ಕಣ್ಣಿಟ್ಟು ನೋಡಬೇಕಾದ, ಕಿವಿಗೊಟ್ಟು ಕೇಳಬೇಕಾದ, ಯಾರಿಗಾದರೂ ಫೋನ್ ಮಾಡಬೇಕಾದ ಸುಳಿವುಗಳನ್ನೇ ಜಾಸ್ತಿ ಇಡಿ. ಅಜ್ಜಿಯ ಒಗಟನ್ನು ಅಜ್ಜಿಯೇ ಹೇಳಬೇಕು.

ತಂಡ ಮಾಡುವಾಗ ಮನೆಮನೆಗೆ ಒಂದು ತಂಡ ಬೇಡ. ಮೂರು ನಾಲ್ಕು ಮನೆ ಸೇರಿಸಿ. ಒಬ್ಬರಾದರೂ ಹಿರಿಯರು, ಒಬ್ಬರಾದರೂ ಮಕ್ಕಳು, ಈ ವರ್ಷವೇ ಊರಿಗೆ ಬಂದ ಹೊಸಬರು ಪ್ರತಿ ತಂಡದಲ್ಲಿ ಇರುವಂತೆ ನೋಡಿಕೊಳ್ಳಿ. ಪ್ರತಿ ತಂಡಕ್ಕೂ ಒಂದು ವಾಟ್ಸ್ಆ್ಯಪ್ ಗುಂಪು. ರಾಗ ಒಬ್ಬರಿಗೆ, ಮ್ಯಾಪ್ ಇನ್ನೊಬ್ಬರಿಗೆ, ಊರಿನ ಕಥೆ ಮತ್ತೊಬ್ಬರಿಗೆ ಗೊತ್ತಿರುತ್ತದೆ. ಒಬ್ಬರೇ ಕೂತು ಎಲ್ಲ ಮುಗಿಸಲು ಆಗಬಾರದು, ಆಗಲೇ ನಿಮ್ಮ ಆ ನಾಲ್ಕೈದು ಜನರೂ ಬೇರೆಯವರನ್ನು ಕೇಳಲು ಶುರು ಮಾಡುತ್ತಾರೆ.

ಎಲ್ಲರೂ ಒಂದೇ ಊರಿನಲ್ಲಿದ್ದರೆ ಒಂದು ಮಧ್ಯಾಹ್ನ, ಒಂದೂವರೆ ಗಂಟೆ ಸಾಕು. ಆರು ಸುಳಿವಿಗಿಂತ ಜಾಸ್ತಿ ಬೇಡ. ಯಾವುದರಲ್ಲೇ ಆಗಲಿ ಹತ್ತು ನಿಮಿಷ ಸಿಕ್ಕಿಹಾಕಿಕೊಂಡ ತಂಡಕ್ಕೆ ಕೇಳದೆಯೇ ಸಹಾಯ ಕಳಿಸಿ. ಅಜ್ಜಿಯ ಫೋನ್ ಮಾತ್ರ ಹಿಂದಿನ ದಿನವೇ ಆಗಲಿ, ಭಾರತದಲ್ಲಿ ಆಗ ಎಷ್ಟು ಗಂಟೆ ಅಂತ ನೋಡಿಕೊಳ್ಳಿ. ದೂರ ದೂರದ ಊರುಗಳಲ್ಲಿ ಹಂಚಿಹೋಗಿದ್ದರೆ ಒಂದು ವಾರ ಇಡಿ, ದಿನಕ್ಕೊಂದು ಸುಳಿವು.

ಸಭಾಂಗಣದಲ್ಲೂ ಒಂದೆರಡು ಸುಳಿವು ಅಂಟಿಸುವುದಾದರೆ ಕ್ಯೂಆರ್ ಕೋಡ್ ಬಳಸಿ. ಸ್ಟ್ಯಾಟಿಕ್ ಕೋಡ್, ಅಂದರೆ ನಿಮ್ಮ ಲಿಂಕ್ ನೇರವಾಗಿ ಕೋಡ್‌ನಲ್ಲೇ ಇರುವಂಥದ್ದು, ಮಾಡಿಸಿಕೊಳ್ಳಿ. ಡೈನಾಮಿಕ್ ಅಂತ ಕೊಡುವ ಕೆಲವು ಉಚಿತ ಕೋಡ್‌ಗಳು ಟ್ರಯಲ್ ಅವಧಿ ಮುಗಿದ ಮೇಲೆ ತೆರೆಯುವುದಿಲ್ಲ. ರಾಜ್ಯೋತ್ಸವ ಅಂತ ಕೆಂಪಿನ ಮೇಲೆ ಹಳದಿ ಕೋಡ್ ಮುದ್ರಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಬಹಳ ಫೋನ್‌ಗಳು ಓದುವುದಿಲ್ಲ. ಹಿನ್ನೆಲೆ ತಿಳಿಯಾಗಿ, ಕೋಡ್ ಗಾಢವಾಗಿ ಇರಬೇಕು. ಹಳದಿ ಹಾಳೆಯ ಮೇಲೆ ಕಪ್ಪು ಕೋಡ್ ಚೆನ್ನಾಗಿ ಓದುತ್ತದೆ, ಸುತ್ತ ಖಾಲಿ ಅಂಚು ಬಿಡಿ. ಎರಡು ಮೀಟರ್ ದೂರದಿಂದ ಓದಬೇಕಾದರೆ ಕೋಡ್ ಸುಮಾರು 20 ಸೆಂಟಿಮೀಟರ್ ಅಗಲ ಇರಲಿ.

ಬಹುಮಾನ ಮೊದಲು ಮುಗಿಸಿದವರಿಗೆ ಮಾತ್ರ ಅಂದರೆ ಹಿರಿಯರಿರುವ ತಂಡಗಳು ಅಲ್ಲೇ ಕೈಬಿಡುತ್ತವೆ. ಒಳ್ಳೆಯ ಒಗಟು ತಂದವರಿಗೆ ಒಂದು ಪುಸ್ತಕ, ಎಲ್ಲ ಸುಳಿವು ಮುಗಿಸಿದ ಪ್ರತಿ ತಂಡದ ಮಕ್ಕಳಿಗೂ ಒಂದೊಂದು ಪುಸ್ತಕ ಇಡಿ. ಸಮಾರಂಭದಲ್ಲಿ ಆ ಒಗಟುಗಳ ರೆಕಾರ್ಡಿಂಗ್‌ಗಳನ್ನು ಎಲ್ಲರಿಗೂ ಕೇಳಿಸಿ, ಉತ್ತರ ಸಭೆಯಿಂದಲೇ ಬರಲಿ.

ಜನರಿಗೆ ಲಿಂಕ್ ಕಳಿಸುವ ಒಂದು ವಾರ ಮೊದಲು, ತಯಾರಿಯಲ್ಲಿ ಇರದ ಇಬ್ಬರಿಗೆ ಆಡಲು ಕೊಡಿ. ಒಬ್ಬರು ಹನ್ನೆರಡು ವರ್ಷದ ಒಳಗಿನವರು, ಇನ್ನೊಬ್ಬರು ಅರವತ್ತು ದಾಟಿದವರು. ಲ್ಯಾಪ್‌ಟಾಪ್ ಬೇಡ, ಅವರವರ ಫೋನಿನಲ್ಲೇ ಆಡಲಿ. ನೀವು ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡಿ. ಇಬ್ಬರೂ ಒಂದೇ ಕಡೆ ನಿಂತರೆ ಆ ಸುಳಿವನ್ನು ಬದಲಿಸಿ. ನೀವು ಬರೆದ ಸುಳಿವುಗಳನ್ನು ಇಲ್ಲಿ ಹಾಕಿದರೆ ನಾನೂ ಆಡಿ ನೋಡಿ ಹೇಳುತ್ತೇನೆ. ಉತ್ತರ ಮಾತ್ರ ಹಾಕಬೇಡಿ.