ಸ್ಕ್ಯಾನ್ ಒಂದು ಹೇಳುತ್ತೆ, ಬಯಾಪ್ಸಿ ಇನ್ನೊಂದು ಹೇಳುತ್ತೆ, ಯಾವ್ದು ನಂಬೋದು?

ಪ್ರಶ್ನೆ: ಮೇಡಂ, ನಮ್ಮಮ್ಮಂಗೆ 54 ವರ್ಷ. ಎಡಗಡೆ ಎದೇಲಿ ಗಂಟು ಅಂತ ಮಂಡ್ಯದಲ್ಲಿ ತೋರಿಸಿದ್ವಿ, ಅಲ್ಲಿಂದ ಮೈಸೂರಿಗೆ ಕಳಿಸಿದ್ರು, ಮ್ಯಾಮೋಗ್ರಾಂ ಅಲ್ಟ್ರಾಸೌಂಡ್ ಎರಡೂ ನೋಡಿ ಬೈರಾಡ್ಸ್ 4ಸಿ ಅಂತ ಬರೆದ್ರು. ಗಂಟಿಂದ ಚೂರು ತೆಗೆದು ನೋಡೋ ಬಯಾಪ್ಸೀಲಿ ಕ್ಯಾನ್ಸರ್ ಇಲ್ಲ, ಫೈಬ್ರೋಸಿಸ್ಟಿಕ್ ಚೇಂಜ್ ಅಂತ ಬಂತು. ಬೆಟ್ಟಕ್ಕೆ ಹೋಗಿ ಹಣ್ಣುಕಾಯಿ ಮಾಡಿಸ್ಕೊಂಡೂ ಬಂದ್ವಿ. ಈಗ ಡಾಕ್ಟ್ರು ಇನ್ನೊಂದ್ಸಲ ಬಯಾಪ್ಸಿ ಅಂತಿದಾರೆ. ನಮ್ಮ ಸೋದರಮಾವ ದುಡ್ಡು ಕೀಳೋ ದಾರಿ ಅಂತಾರೆ, ಪಕ್ಕದ ಮನೆಯವ್ರು ಪದೇ ಪದೇ ಚುಚ್ಚಿಸಿದ್ರೆ ಗಂಟು ಕೆರಳುತ್ತೆ ಅಂತಾರೆ. ಏನ್ ಮಾಡೋದು?
– ಓದುಗರು, ಪಾಂಡವಪುರ

ಉತ್ತರ: ನೋಡಮ್ಮ, ಹಣ್ಣುಕಾಯಿ ಮಾಡ್ಸಿದ್ದು ಒಳ್ಳೇದೇ ಆಯ್ತು, ಆದ್ರೆ ನಿಮ್ಮ ಡಾಕ್ಟ್ರು ಹೇಳ್ತಿರೋದು ಸರಿ ಇದೆ.

ಬೈರಾಡ್ಸ್ ಅನ್ನೋದು ಅನುಮಾನ ಎಷ್ಟಿದೆ ಅಂತ ಹೇಳೋ ನಂಬರ್, ಕಾಯಿಲೆ ಹೆಸರಲ್ಲ. 3 ಅಂದ್ರೆ ಕ್ಯಾನ್ಸರ್ ಆಗಿರೋ ಸಾಧ್ಯತೆ ನೂರಕ್ಕೆ 2ರ ಒಳಗೆ, 4ಎ ಅಂದ್ರೆ 2ರಿಂದ 10, 4ಬಿ 10ರಿಂದ 50, 4ಸಿ ಅಂದ್ರೆ 50ರಿಂದ 95, 5 ಅಂದ್ರೆ 95ಕ್ಕೂ ಮೇಲೆ. ನಿಮ್ಮಮ್ಮಂದು 4ಎ ಆಗಿದ್ದು ಬಯಾಪ್ಸೀಲಿ ಫೈಬ್ರೋಅಡಿನೋಮ, ಅಂದ್ರೆ ಕ್ಯಾನ್ಸರ್ ಅಲ್ಲದ ಗಂಟು, ಅಂತ ಬಂದಿದ್ರೆ ಎರಡಕ್ಕೂ ತಾಳೆ ಆಗ್ತಿತ್ತು, ‘ಹೋಗಿ ನೆಮ್ಮದಿಯಾಗಿ ಮಲಗಿ, ಫಾಲೋಅಪ್ ಮಾತ್ರ ತಪ್ಪಿಸ್ಬೇಡಿ’ ಅಂತ ನಾನೇ ಹೇಳ್ತಿದ್ದೆ. ಆದ್ರೆ 4ಸಿ ಅಂತ ಬರೆದವ್ರು ಸುಮ್ನೆ ಬರೆದಿರಲ್ಲ, ಗಂಟಿನ ಅಂಚು ಮುಳ್ಳುಮುಳ್ಳಾಗೋ, ಆಕಾರ ಅಂಕುಡೊಂಕಾಗೋ ಏನೋ ಕಂಡಿರುತ್ತೆ, ಅದಕ್ಕೆ ಫೈಬ್ರೋಸಿಸ್ಟಿಕ್ ಅನ್ನೋದು, ಅಂದ್ರೆ ಎಷ್ಟೋ ಹೆಂಗಸರ ಎದೇಲಿ ಇರೋ ಮಾಮೂಲಿ ಬದಲಾವಣೆ, ಉತ್ತರ ಆಗಲ್ಲ.

ಹಾಗಂತ ಲ್ಯಾಬಿನವ್ರು ತಪ್ಪು ಮಾಡಿದಾರೆ ಅಂತ್ಲೂ ಅಲ್ಲ. ದಪ್ಪ ಸೂಜಿಯ ಕೋರ್ ಬಯಾಪ್ಸೀಲಿ ಬರೋದು ಶಾವಿಗೆ ಎಳೆ ಥರದ ನಾಲ್ಕೈದು ಚೂರು, ಅದನ್ನ ಪರೀಕ್ಷೆ ಮಾಡೋ ಪೆಥಾಲಜಿಸ್ಟ್ ಕೈಗೆ ಬಂದಿದ್ದನ್ನ ನೋಡಿ ಬರೀತಾರೆ, ಸೂಜಿ ಗಂಟಿನ ಪಕ್ಕಕ್ಕೆ ಹೋಗಿದ್ರೆ ಪಕ್ಕದ್ದೇ ರಿಪೋರ್ಟ್ ಬರುತ್ತೆ ಅಷ್ಟೆ. ಅದಕ್ಕೇ ಸ್ಕ್ಯಾನು ಬಯಾಪ್ಸಿ ಎರಡನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡೋದು, ತಾಳೆ ಆಗ್ದಿದ್ರೆ ಮತ್ತೆ ಬಯಾಪ್ಸಿ, ಇಲ್ಲಾಂದ್ರೆ ಗಂಟನ್ನೇ ತೆಗೆದು ಕಳ್ಸೋದು.

ಸುಮ್ನೆ ಹೆದರ್ಕೋಬೇಡಿ. ಸ್ಕ್ಯಾನಲ್ಲಿ ಥೇಟ್ ಕ್ಯಾನ್ಸರ್ ಥರಾನೇ ಕಂಡು ಆಮೇಲೆ ಟಿಬಿ ಅಂತಲೋ, ಹಿಂದೆ ಯಾವಾಗ್ಲೋ ಏಟು ಬಿದ್ದಲ್ಲಿ ಕೊಬ್ಬು ಸತ್ತು ಗಟ್ಟಿಯಾಗಿರೋದು ಅಂತಲೋ ಬರೋದೂ ಉಂಟು. ಆದ್ರೆ ಅಂಥ ಕೇಸಲ್ಲಿ ಸ್ಕ್ಯಾನ್ ಚಿತ್ರ ಯಾಕೆ ಹಾಗೆ ಕಾಣ್ತು ಅನ್ನೋದಕ್ಕೆ ಬಯಾಪ್ಸೀಲೇ ಕಾರಣ ಸಿಗುತ್ತೆ, ನಿಮ್ಮ ರಿಪೋರ್ಟಲ್ಲಿ ಅದು ಇಲ್ಲ.

ಸೂಜಿಯಿಂದ ಗಂಟು ಕೆರಳೋ ಮಾತು ಬಿಡಿ, ಆ ಭಯಕ್ಕೆ ಬಯಾಪ್ಸಿ ಬಿಟ್ಟು ತಡವಾಗಿ ಬರೋದ್ರಿಂದ್ಲೇ ನಷ್ಟ ಜಾಸ್ತಿ. ಮಾವನ ಅನುಮಾನಕ್ಕೆ ಒಂದು ದಾರಿ ಇದೆ: ಹಳೇ ಬಯಾಪ್ಸಿಯ ಸ್ಲೈಡು, ಮೇಣದ ಬ್ಲಾಕು ಲ್ಯಾಬಲ್ಲೇ ಇರುತ್ತೆ, ಕೇಳಿ ಇಸ್ಕೊಂಡು ಸ್ಕ್ಯಾನ್ ಫಿಲಮ್ ಜೊತೆ ಮೈಸೂರು ಕೆ.ಆರ್. ಆಸ್ಪತ್ರೇಲೋ ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೇಲೋ ಇನ್ನೊಬ್ರ ಅಭಿಪ್ರಾಯ ಕೇಳಿ. ಮೊದಲ್ನೇ ಸಲ ಅಲ್ಟ್ರಾಸೌಂಡ್ ನೋಡ್ಕೊಂಡೇ ಚುಚ್ಚಿದ್ರಾ, ಬರೀ ಕೈಯಲ್ಲಿ ಮುಟ್ಟಿ ನೋಡಿ ಚುಚ್ಚಿದ್ರಾ, ಕೋರ್ ಬಯಾಪ್ಸೀನಾ ಇಲ್ಲ ಜೀವಕೋಶ ಮಾತ್ರ ಎಳೆಯೋ ಸಣ್ಣ ಸೂಜಿಯ ಎಫ್‌ಎನ್‌ಎಸಿನಾ ಅಂತ ಕೇಳಿ ಬರ್ಕೊಳ್ಳಿ. ಇದನ್ನೆಲ್ಲ ಈ ವಾರದಲ್ಲೇ ಮಾಡಿ, ಹಬ್ಬ ಕಳೀಲಿ ಅಂತ ಕಾಯ್ಬೇಡಿ.