ಎಲ್‌ಎಎಚ್ ರಿಡಕ್ಷನ್ ನಂತರ ಬರುವ ಜೆಲ್ ಬಗ್ಗೆ

ಎಲ್‌ಎಎಚ್ (ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್) ಬಳಸಿ ಎಸ್ಟರ್ ರಿಡಕ್ಷನ್ (ಅಪಕರ್ಷಣ) ಮುಗಿಸಿ ನೀರು ಹಾಕಿದರೆ ಬಿಳಿ ಜೆಲ್ ಆಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ ಅಂದಿದ್ದೀರಿ, ಅಲ್ವಾ? ಅದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಸುಮ್ನೆ ನೀರು ಸುರಿದರೆ ಹಾಗೇ ಆಗುತ್ತದೆ.

ಉಳಿದ ಎಲ್‌ಎಎಚ್ ನಾಶ ಮಾಡಲು ಫೀಸರ್ ವಿಧಾನ ಮಾಡಿ ನೋಡಿ. ಈಥರ್ ಸೇರಿಸಿ ತೆಳು ಮಾಡಿ, ಫ್ಲಾಸ್ಕನ್ನು ಐಸ್‌ನಲ್ಲಿಡಿ. ಬಳಸಿದ ಪ್ರತಿ 1 ಗ್ರಾಂ ಎಲ್‌ಎಎಚ್‌ಗೆ ಮೊದಲು 1 ಮಿ.ಲೀ. ನೀರು, ಹನಿಹನಿಯಾಗಿ. ಹೈಡ್ರೋಜನ್ ಜಾಸ್ತಿ ಬರುತ್ತದೆ, ಆತುರ ಬೇಡ, ಹತ್ತಿರ ಬೆಂಕಿಯಂತೂ ಬೇಡವೇ ಬೇಡ. ಆಮೇಲೆ 15% ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ 1 ಮಿ.ಲೀ., ಕೊನೆಗೆ ನೀರು 3 ಮಿ.ಲೀ. ಐಸ್ ತೆಗೆದು ಕಾಲು ಗಂಟೆ ಕಲಕಿ. ಜೆಲ್ ಹೋಗಿ ರವೆಯಂಥ ಬಿಳಿ ಪುಡಿ ಕಾಣಬೇಕು. ನೀರು ಹೀರಲು ಮೆಗ್ನೀಸಿಯಂ ಸಲ್ಫೇಟ್ ಹಾಕಿ ಸೆಲೈಟ್ (ಸೋಸಲು ಬಳಸುವ ಪುಡಿ) ಮೇಲೆ ಸೋಸಿ, ಪುಡಿಯನ್ನು ಈಥರ್‌ನಿಂದ ಚೆನ್ನಾಗಿ ತೊಳೆಯಿರಿ.

ಈಗಾಗಲೇ ಜೆಲ್ ಆಗಿರುವುದನ್ನು ಎಸೆಯಬೇಡಿ. ರೋಷೆಲ್ ಉಪ್ಪಿನ (ಪೊಟ್ಯಾಸಿಯಂ ಸೋಡಿಯಂ ಟಾರ್ಟರೇಟ್) ಸ್ಯಾಚುರೇಟೆಡ್ ದ್ರಾವಣ ಹಾಕಿ, ಎರಡು ಪದರ ಬೇರೆಯಾಗುವವರೆಗೆ ಜೋರಾಗಿ ಕಲಕುತ್ತಿರಿ. ಕೆಲವು ಗಂಟೆ ಹಿಡಿಯಬಹುದು.