‘ಎಲ್ಲಾ ಆನ್‌ಲೈನ್‌ನಲ್ಲಿದೆ, ನೋಡ್ಕೊಳ್ಳಿ’ ಅಂದರೆ ಸಾಕಾ?

ಪ್ರಶ್ನೆ: ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿ. ಮನೆ ಮಂಜೂರಾದವರ ಪಟ್ಟಿಯಲ್ಲಿ ಅಮ್ಮನ ಹೆಸರು ಇದೆಯಾ ಅಂತ ಪಂಚಾಯಿತಿಯಲ್ಲಿ ಕೇಳಿದರೆ “ಎಲ್ಲಾ ಆನ್‌ಲೈನ್‌ನಲ್ಲಿದೆ, ನೋಡ್ಕೊಳ್ಳಿ” ಅಂತ ಕಳಿಸಿದರು. ಅಮ್ಮನ ಹತ್ತಿರ ಇರೋದು ಬಟನ್ ಫೋನು. ಓದಲು ಬರೆಯಲು ಬರಲ್ಲ, ಮನೆಮಾತು ತೆಲುಗು. ನಾನಿರೋದು ಬೆಂಗಳೂರಿನಲ್ಲಿ. ಅವರು ಹೇಳಿದ್ದು ಸರೀನಾ?

ಉತ್ತರ: ಖಂಡಿತ ಸರಿಯಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದೇ ಮಾತು ಕೇಳಿಸಿಕೊಂಡು ವಾಪಸ್ ಬಂದವರು ಗುಡಿಬಂಡೆಯಿಂದ ಗೌರಿಬಿದನೂರಿನವರೆಗೂ ಇದ್ದಾರೆ.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ತೆಗೆದು ನೋಡಿ. ಯೋಜನೆಯ ಫಲಾನುಭವಿಗಳ ವಿವರದಂಥ ಮಾಹಿತಿಯನ್ನು ಯಾರೂ ಕೇಳುವ ಮೊದಲೇ ಕಚೇರಿಯವರು ಪ್ರಕಟಿಸಬೇಕು. ಹೇಗೆ ಪ್ರಕಟಿಸಬೇಕು ಅಂತಲೂ ಅಲ್ಲೇ ಹೇಳಿದೆ: ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕ ಪ್ರಕಟಣೆ, ಇಂಟರ್ನೆಟ್, ಕಚೇರಿಗೆ ಬಂದು ಕಡತ ನೋಡುವ ಅವಕಾಶ. ಆ ಸಾಲಿನಲ್ಲಿ ಇಂಟರ್ನೆಟ್ ಒಂದು ದಾರಿ ಮಾತ್ರ, ನೋಟಿಸ್ ಬೋರ್ಡು ಅದಕ್ಕಿಂತ ಮೊದಲೇ ಇದೆ. ಸ್ಥಳೀಯ ಭಾಷೆಯನ್ನೂ, ಆ ಊರಿನ ಜನರಿಗೆ ಯಾವ ರೀತಿ ಹೇಳಿದರೆ ತಲುಪುತ್ತದೆ ಅನ್ನುವುದನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಬಟನ್ ಫೋನಿನ ಹೆಂಗಸಿಗೆ ವೆಬ್‌ಸೈಟ್ ತೋರಿಸಿ ಕಳಿಸಿದರೆ ತಲುಪಿದ ಹಾಗಾಯಿತಾ?

ಈಗ ಮಾಡಬೇಕಾದದ್ದು. ಮೊದಲು ನೀವೇ ಬೆಂಗಳೂರಿನಿಂದ ‘ಮಾಹಿತಿ ಕಣಜ’ ಅನ್ನುವ ಸರ್ಕಾರಿ ಜಾಲತಾಣ ತೆರೆಯಿರಿ. ಬೇರೆ ಬೇರೆ ಇಲಾಖೆಗಳ ಮಾಹಿತಿ ಅಲ್ಲಿ ಕನ್ನಡದಲ್ಲೇ ಇದೆ, ಲಾಗಿನ್ ಬೇಕಿಲ್ಲ. ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿಕೊಂಡು ಹುಡುಕಬೇಕು. ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅಮ್ಮ ಪಂಚಾಯಿತಿಗೆ ಹೋಗಿ ಬಾಯಲ್ಲೇ ಕೇಳಲಿ. ಅರ್ಜಿ ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕೆ ಇಳಿಸಲು ಮಾಹಿತಿ ಅಧಿಕಾರಿ ಸಹಾಯ ಮಾಡಬೇಕು, ಇದು 6ನೇ ಸೆಕ್ಷನ್. ಇದನ್ನು ಅವರ ದೊಡ್ಡಮನಸ್ಸು ಅಂದುಕೊಳ್ಳಬೇಡಿ, ಅವರ ಕೆಲಸವೇ ಅದು. ಯಾಕೆ ಬೇಕು ಅಂತ ಕಾರಣ ಕೇಳುವ ಹಾಗೂ ಇಲ್ಲ.

ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬವಾದರೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರೆ ಆಯಿತು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ಹಾಗಾಗಿ ಹಳೇ ಜಗಳವೆಲ್ಲ ಸೇರಿಸಬೇಡಿ. “ಇಂಥ ವರ್ಷ ಫಲಾನುಭವಿಗಳನ್ನು ಆಯ್ಕೆ ಮಾಡಿದ ಗ್ರಾಮಸಭೆಯ ನಡವಳಿ ಮತ್ತು ಆಯ್ಕೆ ಪಟ್ಟಿಯ ಪ್ರತಿ ಕೊಡಿ” ಅಂತ ಕೇಳಿ, ಅಷ್ಟೇ ಸಾಕು. ನಡವಳಿ ಯಾಕೆ ಮುಖ್ಯ ಅಂದರೆ, ಹೆಸರು ಸಭೆಯಲ್ಲಿ ಓದಿ ಒಪ್ಪಿದ್ದಾ ಅಥವಾ ಆಮೇಲೆ ಸೇರಿಸಿದ್ದಾ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಬೇರೆಯವರ ಆಧಾರ್ ನಂಬರು, ಬ್ಯಾಂಕ್ ಖಾತೆ ಕೇಳಬೇಡಿ. ಅದು ಅವರ ಖಾಸಗಿ ವಿಷಯ, ಕೇಳಿದರೆ ನಿಮ್ಮ ಅರ್ಜಿ ತಳ್ಳಿಹಾಕಲು ನೆಪ ಸಿಗುತ್ತದೆ. ಸ್ವೀಕೃತಿ ಮಾತ್ರ ಮರೆಯದೆ ತೆಗೆದುಕೊಳ್ಳಿ.

30 ದಿನದಲ್ಲಿ ಉತ್ತರ ಬರಬೇಕು. ಅವಧಿ ಮೀರಿದರೆ ಆಮೇಲೆ ಪ್ರತಿಗಳನ್ನು ದುಡ್ಡಿಲ್ಲದೆ ಕೊಡಬೇಕು. ಬರಲೇ ಇಲ್ಲವಾದರೆ ಮುಂದಿನ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ ಹಾಕಬಹುದು.

ಇನ್ನು ತೆಲುಗಿನ ವಿಷಯ. ಕಚೇರಿಯ ಉತ್ತರ ಬರುವುದು ಕನ್ನಡದಲ್ಲೇ. ಆದರೆ ಗಡಿ ತಾಲ್ಲೂಕಿನ ಕಚೇರಿಯಲ್ಲಿ ತೆಲುಗು ಬರುವವರು ಒಬ್ಬರಾದರೂ ಇದ್ದೇ ಇರುತ್ತಾರೆ, ಅಲ್ವಾ? ಓದಿ ಹೇಳಿ ಅಂತ ಅಮ್ಮ ಸಂಕೋಚವಿಲ್ಲದೆ ಕೇಳಲಿ.

ಪ್ರಶ್ನೆ: ನಾನು ಚಿಂತಾಮಣಿಯಲ್ಲಿ ಬಿ.ಎ. ಓದುತ್ತಿದ್ದೇನೆ. ನನಗೆ ಕಣ್ಣು ಕಾಣಿಸುವುದಿಲ್ಲ. ಕಾಲೇಜಿನವರು ಕಳಿಸುವ ಕನ್ನಡ ನೋಟ್ಸನ್ನು ಫೋನು ಓದುವುದೇ ಇಲ್ಲ. ಇಂಗ್ಲಿಷ್ ಆದರೆ ಚೆನ್ನಾಗಿ ಓದುತ್ತದೆ. ತೊಂದರೆ ನನ್ನ ಫೋನಿನದಾ?

ಉತ್ತರ: ಫೋನು ಸರಿಯಾಗಿದೆ, ನಿಮಗೆ ಬರುತ್ತಿರುವ ಕಡತಗಳು ಸರಿಯಿಲ್ಲ. ಇದರಲ್ಲಿ ಎರಡು ಬಗೆ. ಒಂದು, ಪುಸ್ತಕದ ಪುಟವನ್ನು ಫೋಟೋ ಹೊಡೆದು ಪಿಡಿಎಫ್ ಮಾಡಿದ್ದು. ಅದರಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಇನ್ನೊಂದು, ‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ್ದು. ಕಣ್ಣಿಗೆ ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ, ಫೋನಿಗೆ ಕೇಳಿಸುವುದು ಅದೇ. ಯುನಿಕೋಡ್‌ನಲ್ಲಿ, ಅಂದರೆ ಯಾವ ಯಂತ್ರಕ್ಕಾದರೂ ಕನ್ನಡ ಅಕ್ಷರ ಅಂತಲೇ ಗೊತ್ತಾಗುವ ಸಂಕೇತದಲ್ಲಿ, ಟೈಪ್ ಮಾಡಿದ್ದರೆ ಪರದೆ ಓದಿ ಹೇಳುವ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಸಲೀಸಾಗಿ ಕನ್ನಡ ಓದುತ್ತದೆ. ಕಂಪ್ಯೂಟರಿಗೆ ಇದೇ ಕೆಲಸ ಮಾಡುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಸದ್ಯಕ್ಕೆ ಫೋಟೋ ಪುಟಗಳನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಚಿತ್ರದಿಂದ ಅಕ್ಷರ ಎತ್ತಿ ಕೊಡುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಬರಬಹುದು, ಒಬ್ಬ ಗೆಳೆಯ ಒಮ್ಮೆ ಸರಿ ಮಾಡಿಕೊಟ್ಟರೆ ನಿಮ್ಮ ನಂತರ ಬರುವವರಿಗೂ ಅನುಕೂಲ. ‘ಸುಗಮ್ಯ ಪುಸ್ತಕಾಲಯ’ಕ್ಕೂ ಸದಸ್ಯರಾಗಿ. ಮುದ್ರಿತ ಪುಸ್ತಕ ಓದಲಾಗದವರಿಗಾಗಿಯೇ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಅದು.

“ಕಾಪಿರೈಟ್ ಇದೆ, ಕೊಡಕ್ಕಾಗಲ್ಲ” ಅಂತ ಯಾರಾದರೂ ಅಂದರೆ ಒಪ್ಪಬೇಡಿ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲೇ ತಿದ್ದುಪಡಿ ಆಗಿದೆ. ಅಂಗವಿಕಲರು ಓದುವಂಥ ಪ್ರತಿಯನ್ನು ಲಾಭದ ಉದ್ದೇಶವಿಲ್ಲದೆ ಮಾಡಲು ಅನುಮತಿ ಬೇಕಿಲ್ಲ. ಇದೇ ಆಶಯದ ಮರಕೇಶ್ ಒಪ್ಪಂದ 2013ರಲ್ಲಿ ಆಯಿತು. ಅದನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ನಮ್ಮದೇ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಡಿಜಿಟಲ್ ಸೌಲಭ್ಯ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಆಸಿಡ್ ದಾಳಿಗೆ ಒಳಗಾದವರು ಮತ್ತು ಅಂಧರು ಕೆವೈಸಿ (ಬ್ಯಾಂಕಿನಂಥ ಕಡೆ ಕೇಳುವ ಗುರುತಿನ ದೃಢೀಕರಣ) ಮಾಡಿಸಲು ಆಗದೆ ಒದ್ದಾಡಿ ಕೋರ್ಟಿಗೆ ಹೋಗಿದ್ದರಿಂದ ಬಂದ ತೀರ್ಪು ಅದು. ಪ್ರಿನ್ಸಿಪಾಲರಿಗೆ ಬರೆಯುವ ಪತ್ರದಲ್ಲಿ ಇದನ್ನು ಹಾಕಿ, ನೋಟ್ಸ್ ಯುನಿಕೋಡ್‌ನಲ್ಲೇ ಬೇಕು ಅಂತ ಸ್ಪಷ್ಟವಾಗಿ ಕೇಳಿ.

ಪ್ರಶ್ನೆ: ಸೆಪ್ಟೆಂಬರ್ 28ಕ್ಕೆ ಏನೋ ‘ಮಾಹಿತಿ ದಿನ’ ಇದೆಯಂತೆ, ನಿಜಾನಾ? (ಶಿಡ್ಲಘಟ್ಟದ ವಿದ್ಯಾರ್ಥಿ)

ಉತ್ತರ: ನಿಜ. ಎಲ್ಲರಿಗೂ ಮಾಹಿತಿ ಸಿಗಬೇಕು ಅನ್ನುವ ಉದ್ದೇಶದ ದಿನ. 2015ರಲ್ಲಿ ಯುನೆಸ್ಕೊ ಘೋಷಿಸಿತು, 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ಒಪ್ಪಿತು. ಶಾಲೆಯಲ್ಲಿ ಆಚರಿಸುವುದಾದರೆ ಒಂದು ಮಾತು ಸೇರಿಸಿ: ಕೇಂದ್ರದ ಕಾಯ್ದೆ ಬರುವ ಮೊದಲೇ, 2000ದಲ್ಲೇ ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು.

ಪ್ರಶ್ನೆ: ನಮ್ಮ ಪಂಚಾಯಿತಿ ಲೈಬ್ರರಿಗೆ ಕಂಪ್ಯೂಟರ್ ಬಂದಿದೆ. ಆದರೆ ಹುಡುಗರು ಬಿಡೋದೇ ಇಲ್ಲ, ನಾವು ಹೆಣ್ಣುಮಕ್ಕಳು ಬಾಗಿಲಿಂದಲೇ ವಾಪಸ್. ಯಾರನ್ನು ಕೇಳಬೇಕು? (ಮುಳಬಾಗಿಲು ತಾಲ್ಲೂಕು)

ಉತ್ತರ: ಈಗ ಅದರ ಹೆಸರು ‘ಅರಿವು ಕೇಂದ್ರ’, ನಡೆಸುವುದು ನಿಮ್ಮ ಗ್ರಾಮ ಪಂಚಾಯಿತಿಯೇ. ಹಾಗಾಗಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಅರ್ಜಿ ಕೊಡಿ. ಹೆಣ್ಣುಮಕ್ಕಳಿಗೆ ಅಂತ ದಿನಕ್ಕೆ ಇಷ್ಟು ಹೊತ್ತು ಮೀಸಲಿಟ್ಟು, ಆ ವೇಳಾಪಟ್ಟಿಯನ್ನು ಬಾಗಿಲಿಗೆ ಅಂಟಿಸಬೇಕು ಅಂತ ಕೇಳಿ. ಕತ್ತಲಾಗುವ ಮುಂಚಿನ ಸಮಯವೇ ಕೇಳಿ, ಇಲ್ಲದಿದ್ದರೆ ಮನೆಯಲ್ಲಿ ಕಳಿಸಲ್ಲ. ಒಬ್ಬಳೇ ಹೋಗಬೇಡಿ, ಸ್ತ್ರೀಶಕ್ತಿ ಸಂಘದವರ ಸಹಿ ಹಾಕಿಸಿ. ಪಿಡಿಒ ಸುಮ್ನೆ ಇಟ್ಟುಕೊಂಡರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಕೇಳಿದ್ದನ್ನು ನಡವಳಿಯಲ್ಲಿ ಬರೆಸಿ.